‘ಎಷ್ಟು ತಗೊಳ್ತೀರಿ?’ ಎಂದು ಕೇಳುವವರು

ಮದ್ಯ ಮತ್ತು ಶ್ವಾಸಕೋಶದ ಸಂಶೋಧನಾ ತಂಡದಲ್ಲಿ ಯಾರ ಕೆಲಸ ಏನು? ಭಾಗವಹಿಸಲು ಕರೆ ಬಂದವರಿಗೂ, ಅಲ್ಲಿ ಕೆಲಸ ಹುಡುಕುವವರಿಗೂ ಒಂದು ಕೈಪಿಡಿ

ಮುಂಬೈಯ ಸಾಂತಾಕ್ರೂಜ್ ಪೂರ್ವದ ಪರ್ಮಿಟ್ ರೂಮೊಂದರಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿರುವ ಒಬ್ಬ ವೇಟರನ್ನು ಊಹಿಸಿಕೊಳ್ಳಿ. ಊರು ಕಾರ್ಕಳದ ಕಡೆ. ರಾತ್ರಿ ಶಟರ್ ಎಳೆದ ಮೇಲೆ ಊಟ, ಊಟಕ್ಕೆ ಮೊದಲು ‘ಸ್ವಲ್ಪ’. ಮೂರು ವಾರದಿಂದ ಕೆಮ್ಮು ಬಿಟ್ಟಿಲ್ಲ. ಆಸ್ಪತ್ರೆಯ ಕ್ಯೂನಲ್ಲಿ ಹಿಂದೆ ಮುಂದೆ ಜನ ನಿಂತಿರುವಾಗಲೇ ಪ್ರಶ್ನೆ ಬರುತ್ತದೆ: ‘ದಾರೂ ಪೀತೇ ಹೋ ಕ್ಯಾ?’ ಉತ್ತರ: ‘ಥೋಡಾ ಥೋಡಾ, ಸಾಬ್.’

ಆ ‘ಥೋಡಾ’ ಎಂದರೆ ಎಷ್ಟು? ಮದ್ಯ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ತಿಳಿಯಹೊರಟ ಯಾವುದೇ ಅಧ್ಯಯನದ ಬುನಾದಿ ಈ ಒಂದು ಪ್ರಶ್ನೆಯೇ. ಉತ್ತರ ಸುಳ್ಳಾದರೆ ಮುಂದೆ ಎಷ್ಟು ದುಬಾರಿ ಯಂತ್ರ ಇಟ್ಟರೂ ಲೆಕ್ಕ ತಪ್ಪುತ್ತದೆ. ಸಂಶೋಧನಾ ತಂಡದಲ್ಲಿ ಇರುವ ಹತ್ತು ಹನ್ನೆರಡು ಮಂದಿಯಲ್ಲಿ ಒಬ್ಬರು ಈ ಉತ್ತರವನ್ನು ಪಡೆಯುತ್ತಾರೆ, ಉಳಿದವರು ಅದನ್ನು ಒರೆಹಚ್ಚುತ್ತಾರೆ, ಕಾಯುತ್ತಾರೆ, ಲೆಕ್ಕಕ್ಕೆ ಇಳಿಸುತ್ತಾರೆ. ನಮ್ಮ ವೇಟರ್ ಅಣ್ಣನ ಆ ಒಂದು ಉತ್ತರದ ಹಿಂದೆಯೇ ಹೊರಟರೆ ಇಡೀ ತಂಡದ ಪರಿಚಯವಾಗುತ್ತದೆ.

ಲಿವರ್ ಸರಿ, ಶ್ವಾಸಕೋಶ ಯಾಕೆ?

ಕುಡಿತದಿಂದ ಲಿವರ್ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಶ್ವಾಸಕೋಶದ ಮಾತು ಬಂದರೆ ಬೀಡಿ ಸಿಗರೇಟಿನ ಕಡೆ ಬೆರಳು ತೋರಿಸುತ್ತೇವೆ. ಆದರೆ ನ್ಯುಮೋನಿಯಾಕ್ಕೂ ಕುಡಿತಕ್ಕೂ ನಂಟಿದೆ ಎಂಬುದನ್ನು ವೈದ್ಯರು ಇನ್ನೂರು ವರ್ಷಗಳಿಂದಲೂ ಗಮನಿಸುತ್ತ ಬಂದಿದ್ದಾರೆ. ಕಾರಣಗಳು ಹಲವು. ಉಸಿರುನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ನವಿರಾದ ರೋಮಗಳಿವೆ. ನಿತ್ಯದ ಕುಡಿತದಿಂದ ಅವು ಮಂದವಾಗುತ್ತವೆ. ಗಾಳಿಚೀಲಗಳ ಒಳಗೆ ರೋಗಾಣುಗಳನ್ನು ನುಂಗುವ ಕಾವಲು ಕೋಶಗಳು ಸೋಮಾರಿಯಾಗುತ್ತವೆ. ಅಮಲಿನಲ್ಲಿ ಮಲಗಿದವರ ಗಂಟಲಿನ ಎಚ್ಚರ ತಪ್ಪಿ, ಬಾಯಿಯ ಎಂಜಲೋ ವಾಂತಿಯೋ ಉಸಿರುನಾಳಕ್ಕೆ ಇಳಿಯುತ್ತದೆ. ಜೊತೆಗೆ ಶ್ವಾಸಕೋಶವನ್ನು ಕಾಯುವ ಗ್ಲುಟಾಥಯೋನ್ ಎಂಬ ವಸ್ತು, ಹಲವು ವರ್ಷ ಕುಡಿದವರಲ್ಲಿ ಕಡಿಮೆ ಇರುವುದು ಕಂಡುಬಂದಿದೆ.

ಅಮೆರಿಕದ ಮಾರ್ಕ್ ಮಾಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ತಿರುವು. ಗಂಭೀರ ಕಾಯಿಲೆಯಿಂದ ಐಸಿಯು ಸೇರಿದ 351 ಮಂದಿಯನ್ನು ಅವರು ಗಮನಿಸಿದರು. ಮದ್ಯಚಟದ ಇತಿಹಾಸ ಇದ್ದವರಲ್ಲಿ ಶೇ. 43 ಮಂದಿಗೆ, ಇಲ್ಲದವರಲ್ಲಿ ಶೇ. 22 ಮಂದಿಗೆ ಎಆರ್‌ಡಿಎಸ್ ಎಂಬ, ಶ್ವಾಸಕೋಶದೊಳಗೆ ನೀರು ತುಂಬಿ ಉಸಿರೇ ಸಾಲದಾಗುವ ತೊಂದರೆ ಕಾಣಿಸಿಕೊಂಡಿತು.

ನಮ್ಮ ದೇಶದಲ್ಲಿ ಇದಕ್ಕಿಂತ ಹತ್ತಿರದ ಸಂಗತಿ ಕ್ಷಯ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 40 ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಸೇವಿಸುವವರಿಗೆ ಅಥವಾ ಕುಡಿತದ ಚಟಕ್ಕೆ ಬಿದ್ದವರಿಗೆ ಸಕ್ರಿಯ ಕ್ಷಯ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು. ಕ್ಷಯದ ಮುಖ್ಯ ಮಾತ್ರೆಗಳು ಕೂಡ ಲಿವರಿಗೆ ಭಾರವೇ; ಅದರ ಮೇಲೆ ಮದ್ಯವೂ ಸೇರಿದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವ ಅಪಾಯ.

ಆ 40 ಗ್ರಾಂ ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ತಂಡದ ಯಜಮಾನ

ಅಧ್ಯಯನದ ಹೊಣೆ ಹೊತ್ತವರು ಪ್ರಧಾನ ಸಂಶೋಧಕರು. ತಂಡದವರ ಬಾಯಲ್ಲಿ ಇವರು ‘ಪಿಐ’. ಸಾಮಾನ್ಯವಾಗಿ ಶ್ವಾಸಕೋಶ ತಜ್ಞರು ಅಥವಾ ಮೆಡಿಸಿನ್ ವಿಭಾಗದ ಹಿರಿಯ ವೈದ್ಯರು. ಮುಂಬೈಯಲ್ಲಿ ಪರೇಲ್‌ನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಸಾಯನ್ ಆಸ್ಪತ್ರೆ, ಜುಹೂ ಬಳಿಯ ಕೂಪರ್ ಮುಂತಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಪಾಠ, ಚಿಕಿತ್ಸೆ, ಸಂಶೋಧನೆ ಮೂರೂ ಒಂದೇ ಸೂರಿನಡಿ ನಡೆಯುತ್ತವೆ. ಸಾಂತಾಕ್ರೂಜ್‌ನವರು ಮೊದಲು ಹೋಗುವುದು ಪಾಲಿಕೆಯ ವಿ.ಎನ್. ದೇಸಾಯಿ ಆಸ್ಪತ್ರೆಗೆ, ಕಾಯಿಲೆ ಜಟಿಲವಾದರೆ ಇಂಥ ದೊಡ್ಡ ಆಸ್ಪತ್ರೆಗಳಿಗೆ.

ಪಿಐ ದಿನವೂ ನಿಮ್ಮ ಕಣ್ಣಿಗೆ ಬೀಳದಿರಬಹುದು. ಆದರೆ ಏನೇ ಎಡವಟ್ಟಾದರೂ ಉತ್ತರ ಕೊಡಬೇಕಾದವರು ಅವರೇ. ಯಾವ ಕೆಲಸವನ್ನು ಯಾರಿಗೆ ವಹಿಸಿದ್ದೇನೆ ಎಂಬ ಪಟ್ಟಿಗೆ ಅವರು ಸಹಿ ಹಾಕಿರುತ್ತಾರೆ. ಆ ಪಟ್ಟಿಯಲ್ಲಿ ಹೆಸರಿಲ್ಲದವರು ನಿಮ್ಮ ರಕ್ತ ತೆಗೆಯುವಂತಿಲ್ಲ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಮದ್ಯದ ಅಧ್ಯಯನದಲ್ಲಿ ಮನೋವೈದ್ಯರೊಬ್ಬರು ಸಹ ಸಂಶೋಧಕರಾಗಿ ಇರುವುದು ಒಳ್ಳೆಯ ಲಕ್ಷಣ. ಕೆಮ್ಮನ್ನು ಒಬ್ಬರು ನೋಡಿದರೆ ಚಟವನ್ನು ಇನ್ನೊಬ್ಬರು ನೋಡಬೇಕಲ್ಲ.

ಕೋಆರ್ಡಿನೇಟರ್: ಎಲ್ಲ ದಾರಗಳನ್ನು ಹಿಡಿದವರು

ನಿಮಗೆ ಫೋನ್ ಮಾಡುವವರು, ಮುಂದಿನ ಭೇಟಿಯ ದಿನಾಂಕ ಹೇಳುವವರು, ಓಡಾಟದ ಖರ್ಚು ಕೊಡಿಸುವವರು, ಒಪ್ಪಿಗೆ ಪತ್ರವನ್ನು ಓದಿ ವಿವರಿಸುವವರು ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್. ಬಿ.ಫಾರ್ಮ್, ಲೈಫ್ ಸೈನ್ಸ್ ಎಂ.ಎಸ್ಸಿ., ನರ್ಸಿಂಗ್ ಓದಿದವರು ಮಾತ್ರವಲ್ಲ, ಬಿಎಎಂಎಸ್, ಬಿಎಚ್‌ಎಂಎಸ್ ಮುಗಿಸಿದವರೂ ಈ ಕೆಲಸದಲ್ಲಿ ಸಿಗುತ್ತಾರೆ.

ಒಪ್ಪಿಗೆಯ ವಿಷಯದಲ್ಲಿ ಮೂರು ಸಂಗತಿ ತಿಳಿದಿರಲಿ. ಒಂದು, ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಮರಾಠಿ, ಹಿಂದಿ ಪ್ರತಿ ಮಾತ್ರ ಇದ್ದು ನಿಮಗೆ ಓದಲು ಬರುವುದು ಕನ್ನಡ ಮಾತ್ರ ಎಂದಾದರೆ ಕನ್ನಡ ಪ್ರತಿ ಕೇಳಿ. ಓದುಬರಹ ಬಾರದವರಿದ್ದರೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಮೊದಲಿಂದ ಕೊನೆಯವರೆಗೆ ಕೂತು ಸಹಿ ಹಾಕಬೇಕು. ಎರಡು, ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈ ಸೇರಬೇಕು. ಮೂರು, ಅಮಲಿನಲ್ಲಿ ಹಾಕಿದ ಸಹಿ ಸಹಿಯಲ್ಲ. ಹಾಗೆ ಬಂದವರನ್ನು ಇನ್ನೊಂದು ದಿನ ಬನ್ನಿ ಎಂದು ಕಳಿಸುವುದು ಕೋಆರ್ಡಿನೇಟರ್‌ನ ಧರ್ಮ.

ಹೋಟೆಲ್ ಕೆಲಸದವರಿಗೆ ಇನ್ನೊಂದು ಮಾತು. ಧಣಿಗಳು ಒಳ್ಳೆಯ ಮನಸ್ಸಿನಿಂದಲೇ ‘ಎಲ್ಲರೂ ಹೋಗಿ ಹೆಸರು ಕೊಟ್ಟು ಬನ್ನಿ’ ಎಂದರೂ, ಹೋಗಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು. ಸೇರಿದ ಮೇಲೆ ನಡುವೆ ಬಿಟ್ಟು ಬರಲೂಬಹುದು. ಅದಕ್ಕಾಗಿ ಆಸ್ಪತ್ರೆಯ ಚಿಕಿತ್ಸೆ ನಿಲ್ಲುವಂತಿಲ್ಲ.

ಕೌನ್ಸೆಲರ್: ‘ಸ್ವಲ್ಪ’ವನ್ನು ಅಳೆಯುವವರು

ಈಗ ನಮ್ಮ ಪ್ರಶ್ನೆಗೆ ಬಂದೆವು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಎದುರು ಕೂತು ಕುಡಿತದ ಬಗ್ಗೆ ಕೇಳುವವರು ಕೌನ್ಸೆಲರ್ ಅಥವಾ ವೈದ್ಯಕೀಯ ಸಮಾಜ ಕಾರ್ಯಕರ್ತೆ. ಅವರ ಕೈಯಲ್ಲಿ ಬಹುಮಟ್ಟಿಗೆ ಇರುವುದು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ. ಎಷ್ಟು ದಿನಕ್ಕೊಮ್ಮೆ, ಒಮ್ಮೆಗೆ ಎಷ್ಟು, ಬೆಳಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದೆಯೇ, ಮನೆಯವರು ಕಡಿಮೆ ಮಾಡು ಎಂದಿದ್ದಾರೆಯೇ ಎಂದು ಸಾಗುವ ಪ್ರಶ್ನೆಗಳಿಗೆ ಒಟ್ಟು 40 ಅಂಕ. ಎಂಟು ಮುಟ್ಟಿದರೆ ಎಚ್ಚರದ ಗೆರೆ. ಇಪ್ಪತ್ತು ಮುಟ್ಟಿದರೆ ತಜ್ಞರ ತಪಾಸಣೆ ಬೇಕು.

ಈ ಪಟ್ಟಿ ‘ಒಂದು ಡ್ರಿಂಕ್’ ಎಂದಾಗ ಲೆಕ್ಕ ಹಾಕುವುದು 10 ಗ್ರಾಂ ಶುದ್ಧ ಆಲ್ಕೋಹಾಲನ್ನು. ನಮ್ಮ ಬಾರುಗಳಲ್ಲಿ ಗ್ರಾಂ ಲೆಕ್ಕ ಯಾರಿಗೆ ಗೊತ್ತು? ಅಲ್ಲಿ ಇರುವುದು ಪೆಗ್, ನೈಂಟಿ, ಕ್ವಾರ್ಟರ್, ಖಂಬಾ. ಶೇ. 42.8 ಪ್ರಮಾಣದ ವಿಸ್ಕಿ, ರಮ್‌ಗಳಾದರೆ 30 ಮಿ.ಲೀ.ನ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, 180 ಮಿ.ಲೀ.ನ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ. ‘ಬಿಯರ್ ಮಾತ್ರ, ಹಾರ್ಡ್ ಮುಟ್ಟೋದಿಲ್ಲ’ ಎನ್ನುವವರು ಕೂಡ ಒಂದೇ ಬಾಟಲಿಗೆ ಆ 40ರ ಗೆರೆ ಮುಟ್ಟಿರುತ್ತಾರೆ.

ಕೌನ್ಸೆಲರ್ ಜಾಣರಾದರೆ ‘ಎಷ್ಟು ಕುಡಿಯುತ್ತೀರಿ’ ಎಂದು ಶುರುಮಾಡುವುದಿಲ್ಲ. ಕ್ಯಾಲೆಂಡರ್ ಮುಂದಿಟ್ಟು, ‘ಕಳೆದ ಭಾನುವಾರ ರಜೆ ಇತ್ತಾ? ಎಲ್ಲಿ ಹೋಗಿದ್ದಿರಿ? ಸಂಬಳದ ದಿನ ಯಾರ ಜೊತೆ ಕೂತಿದ್ದಿರಿ?’ ಎಂದು ದಿನದಿನವಾಗಿ ಹಿಂದಕ್ಕೆ ಹೋಗುತ್ತಾರೆ. ಇದಕ್ಕೆ ಟೈಮ್‌ಲೈನ್ ಫಾಲೋಬ್ಯಾಕ್ ಎಂದು ಹೆಸರು. ಊರ ಕೋಲ, ಮದುವೆ, ಹಬ್ಬ ಇವೆಲ್ಲ ನೆನಪಿನ ಮೈಲಿಗಲ್ಲುಗಳು. ಇಲ್ಲಿಯೇ ಭಾಷೆ ಕೆಲಸಕ್ಕೆ ಬರುತ್ತದೆ. ನಮೂನೆಯಲ್ಲಿ ‘ನೀವು ಮದ್ಯಪಾನ ಸೇವನೆ ಮಾಡುತ್ತೀರಾ?’ ಎಂದಿದ್ದರೆ ಅದು ಪೊಲೀಸ್ ಠಾಣೆಯ ಕನ್ನಡ. ‘ಅಣ್ಣ, ಕೆಲಸ ಮುಗಿದ ಮೇಲೆ ಎಷ್ಟು ತಗೊಳ್ತೀರಿ?’ ಎಂದರೆ ಮನುಷ್ಯ ಬಾಯಿಬಿಡುತ್ತಾನೆ. ತುಳುವಿನಲ್ಲಿ ಕೇಳಿದರಂತೂ ‘ಥೋಡಾ’ ಹೋಗಿ ‘ದಿನಾ ಒಂದು ಕ್ವಾರ್ಟರ್, ಶನಿವಾರ ಇನ್ನರ್ಧ’ ಎಂಬ ನಿಜ ಹೊರಬರಬಹುದು.

ಕುಡಿಯುವವನಿಗೆ ಬುದ್ಧಿ ಹೇಳುವುದು ನಮ್ಮಲ್ಲಿ ಸುಲಭ. ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲಿ ಪೂಜೆಗೊಳ್ಳುವ ನಾರಾಯಣ ಗುರುಗಳು ಮದ್ಯವನ್ನು ವಿಷವೆಂದೇ ಸಾರಿದವರು. ಆ ಮಾತು ಸಮಾಜಕ್ಕೆ ಬೇಕಾದದ್ದೇ. ಆದರೆ ಸಂಶೋಧನೆಯ ಕೋಣೆಯಲ್ಲಿ ಕೌನ್ಸೆಲರ್ ಹುಬ್ಬೇರಿಸಿದರೂ ಸಾಕು, ಮುಂದಿನ ಉತ್ತರ ಅರ್ಧಕ್ಕಿಳಿಯುತ್ತದೆ.

ಈ ಕೆಲಸಕ್ಕೆ ದೊಡ್ಡ ಡಿಗ್ರಿಯೇ ಬೇಕೆಂದಿಲ್ಲ ಎಂಬುದಕ್ಕೆ ಪಕ್ಕದ ಗೋವಾದಲ್ಲೇ ಪುರಾವೆ ಇದೆ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ, ಮಿತಿಮೀರಿ ಕುಡಿಯುತ್ತಿದ್ದ 377 ಗಂಡಸರು ಭಾಗವಹಿಸಿದ್ದರು. ಆಪ್ತಸಲಹೆ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಮೂರು ತಿಂಗಳ ನಂತರ ನೋಡಿದಾಗ, ಸಲಹೆ ಪಡೆದವರಲ್ಲಿ ಶೇ. 36 ಮಂದಿಯ ಕುಡಿತ ಅಪಾಯದ ಗೆರೆಯ ಕೆಳಗೆ ಇಳಿದಿತ್ತು, ಪಡೆಯದವರಲ್ಲಿ ಶೇ. 26. ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ 2017ರಲ್ಲಿ ಅಚ್ಚಾಯಿತು.

ನರ್ಸ್: ಕೈ ನಡುಗುವುದನ್ನು ಗಮನಿಸುವವರು

ರಿಸರ್ಚ್ ನರ್ಸ್ ನಾಡಿ, ಬಿಪಿ, ಆಕ್ಸಿಜನ್ ನೋಡುತ್ತಾರೆ, ರಕ್ತ ತೆಗೆಯುತ್ತಾರೆ. ಮದ್ಯದ ಅಧ್ಯಯನದಲ್ಲಿ ಅವರಿಗೆ ಇನ್ನೊಂದು ಕಣ್ಣು ಬೇಕು. ‘ನಾಳೆ ಟೆಸ್ಟ್ ಇದೆ’ ಎಂದು ನಿತ್ಯ ಕುಡಿಯುವವರು ಒಮ್ಮೆಗೇ ನಿಲ್ಲಿಸಿ ಬಂದಿರುತ್ತಾರೆ. ಕೊನೆಯ ಗುಟುಕಿನ ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಕೈ ನಡುಕ, ಬೆವರು, ಚಡಪಡಿಕೆ ಶುರುವಾಗಬಹುದು. ಕೆಲವರಿಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಭ್ರಮೆ, ಗೊಂದಲ ಕಾಣಿಸಿಕೊಂಡರೆ ಅದು ಪ್ರಾಣಾಪಾಯ. ಆದ್ದರಿಂದ ನಿತ್ಯ ಹೆಚ್ಚು ಕುಡಿಯುವವರು ಪರೀಕ್ಷೆಗೆಂದು ತಾವಾಗಿಯೇ ದಿಢೀರ್ ನಿಲ್ಲಿಸಬಾರದು, ಮೊದಲು ತಂಡದ ವೈದ್ಯರನ್ನು ಕೇಳಬೇಕು. ಊದಿಸಿ ಅಮಲು ಅಳೆಯುವ ಯಂತ್ರ ನರ್ಸ್ ಬಳಿ ಇದ್ದರೆ ಗಾಬರಿಯಾಗಬೇಡಿ. ಅದು ಟ್ರಾಫಿಕ್ ಪೊಲೀಸರದ್ದಲ್ಲ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿದ್ದೀರಾ ಎಂದು ನೋಡಲು.

ಊದಿಸುವವರು, ಒಳಗೆ ಇಣುಕುವವರು

ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿಯನ್ನು ಮಾಡಿಸುವವರು ಪಿಎಫ್‌ಟಿ ಟೆಕ್ನಿಷಿಯನ್. ಮೂಗಿಗೆ ಕ್ಲಿಪ್ ಹಾಕಿ, ಉಸಿರು ತುಂಬಿಕೊಂಡು, ಕೊಳವೆಗೆ ಒಂದೇ ಸಮ ಜೋರಾಗಿ ಊದಬೇಕು. ‘ಊದಿ, ಊದಿ, ಇನ್ನೂ, ಇನ್ನೂ’ ಎಂದು ಅವರು ಕೂಗುವುದು ಸಿಟ್ಟಿನಿಂದಲ್ಲ. ಕನಿಷ್ಠ ಮೂರು ಸಲ ಸರಿಯಾಗಿ ಊದಬೇಕು, ಅದರಲ್ಲಿ ಮೇಲಿನ ಎರಡು ಅಳತೆಗಳ ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು. ಕ್ಷಯದ ಸಂಶಯ ಇದ್ದವರಿಗೆ ಮೊದಲು ಕಫ ಪರೀಕ್ಷೆ. ಅದು ಮುಗಿಯದೆ ಊದಿಸಿದರೆ ಟೆಕ್ನಿಷಿಯನ್‌ಗೂ ಮುಂದಿನ ರೋಗಿಗೂ ಅಪಾಯ.

ಕೆಲವು ಅಧ್ಯಯನಗಳಲ್ಲಿ ಬ್ರಾಂಕೋಸ್ಕೋಪಿಯೂ ಇರುತ್ತದೆ. ತೆಳುವಾದ ಕೊಳವೆ ಇಳಿಸಿ, ಶ್ವಾಸಕೋಶದ ಒಂದು ಮೂಲೆಗೆ ಸಲೈನ್ ಬಿಟ್ಟು ವಾಪಸ್ ಹೀರಿಕೊಳ್ಳುತ್ತಾರೆ. ಹೀಗೆ ತೊಳೆದು ತೆಗೆದ ನೀರಿನಲ್ಲೇ ಕಾವಲು ಕೋಶಗಳೂ ಗ್ಲುಟಾಥಯೋನ್ ಅಳತೆಯೂ ಸಿಗುವುದು. ಹೋಲಿಕೆಗಾಗಿ ಕುಡಿಯದ ಆರೋಗ್ಯವಂತರನ್ನೂ ಕರೆಯುತ್ತಾರೆ. ಇದು ನಿಮ್ಮ ಚಿಕಿತ್ಸೆಗೆ ಬೇಕೋ, ಅಧ್ಯಯನಕ್ಕೆ ಮಾತ್ರವೋ ಎಂದು ಕೇಳಿಯೇ ಒಪ್ಪಿ.

ಲ್ಯಾಬ್, ಡೇಟಾ, ಲೆಕ್ಕ

ಬಾಯಿ ಹೇಳಿದ್ದನ್ನು ರಕ್ತ ಒರೆಹಚ್ಚುತ್ತದೆ. ಪೆತ್ ಎಂದು ಕರೆಯುವ ಪರೀಕ್ಷೆ ಹಿಂದಿನ ಎರಡರಿಂದ ನಾಲ್ಕು ವಾರಗಳ ಕುಡಿತದ ಗುರುತನ್ನು ರಕ್ತದಲ್ಲಿ ಹಿಡಿಯಬಲ್ಲದು. ಡಿಎಂಎಲ್‌ಟಿ ಮುಗಿಸಿದ ಲ್ಯಾಬ್ ಟೆಕ್ನಿಷಿಯನ್ ಮಾದರಿಗಳನ್ನು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಕಾಯುತ್ತಾರೆ. ಟ್ಯೂಬಿನ ಮೇಲೆ ಹೆಸರಿಲ್ಲ, ಸಂಕೇತ ಸಂಖ್ಯೆ ಮಾತ್ರ. ಯಾವುದು ಕುಡಿಯುವವರದ್ದು, ಯಾವುದು ಅಲ್ಲ ಎಂಬುದು ಟೆಕ್ನಿಷಿಯನ್‌ಗೂ ಗೊತ್ತಿಲ್ಲದಿದ್ದರೆ ಅಳತೆ ಒಂದು ಕಡೆ ವಾಲುವುದಿಲ್ಲ.

ಈ ಗುಟ್ಟು ಕಾಯುವುದು ಮಹಾರಾಷ್ಟ್ರದಲ್ಲಿ ಇನ್ನೂ ಮುಖ್ಯ. 1949ರ ಬಾಂಬೆ ಪಾನನಿರೋಧ ಕಾಯ್ದೆಯ ಪ್ರಕಾರ ಇಲ್ಲಿ ಮದ್ಯ ಕುಡಿಯಲು ಇಂದಿಗೂ ಪರ್ಮಿಟ್ ಬೇಕು; ‘ಪರ್ಮಿಟ್ ರೂಮ್’ ಎಂಬ ಹೆಸರೇ ಅಲ್ಲಿಂದ ಬಂದದ್ದು. ಪರ್ಮಿಟ್ ಇಲ್ಲದೆ ಕುಡಿಯುವ ವೇಟರ್ ನಿಜ ಹೇಳಬೇಕಾದರೆ ಆ ನಿಜ ಧಣಿಗೂ ಪೊಲೀಸರಿಗೂ ಮನೆಗೂ ಮುಟ್ಟುವುದಿಲ್ಲ ಎಂಬ ಭರವಸೆ ಬೇಕು. ಹೆಸರನ್ನೂ ಸಂಕೇತ ಸಂಖ್ಯೆಯನ್ನೂ ಜೋಡಿಸುವ ಪಟ್ಟಿಗೆ ಬೀಗ ಹಾಕಿಡುವುದು ಡೇಟಾ ಮ್ಯಾನೇಜರ್ ಹೊಣೆ.

ಕೊನೆಗೆ ಎಲ್ಲವೂ ಸಂಖ್ಯಾಶಾಸ್ತ್ರಜ್ಞರ ಮೇಜಿಗೆ. ಕುಡಿಯುವವರಲ್ಲಿ ಅನೇಕರು ಸೇದುವವರೂ ಹೌದು. ಕೆಲವರು ತಂದೂರಿನ ಹೊಗೆಯ ಪಕ್ಕದಲ್ಲೇ ದುಡಿಯುವವರು. ಹಾನಿ ಯಾವುದರಿಂದ ಎಂದು ಬಿಡಿಸಬೇಕಾದರೆ ಎಷ್ಟು ಸಿಗರೇಟು, ಎಷ್ಟು ಬೀಡಿ, ಎಷ್ಟು ವರ್ಷ ಎಂಬ ಲೆಕ್ಕವೂ ಬೇಕು. ಅಧ್ಯಯನಕ್ಕೆ ಎಷ್ಟು ಜನ ಬೇಕು ಎಂಬುದನ್ನು ಮೊದಲೇ ಲೆಕ್ಕಹಾಕಿ ಹೇಳುವವರೂ ಇವರೇ. ಸಂಖ್ಯಾಶಾಸ್ತ್ರಜ್ಞರನ್ನು ಕೊನೆಯಲ್ಲಿ ಮಾತ್ರ ಕರೆಯುವ ತಂಡ, ಅಡುಗೆ ಮುಗಿದ ಮೇಲೆ ಅಕ್ಕಿ ಅಳೆದಂತೆ.

ತಂಡದ ಹೊರಗಿನ ಕಾವಲು

ನೈತಿಕ ಸಮಿತಿ ತಂಡದ ಭಾಗವಲ್ಲ, ತಂಡದ ಮೇಲಿನ ಕಣ್ಣು. ಅದರಲ್ಲಿ ಕನಿಷ್ಠ ಏಳು ಸದಸ್ಯರು: ವೈದ್ಯರಲ್ಲದೆ ಕಾನೂನು ಬಲ್ಲವರು, ಒಬ್ಬ ಮಹಿಳೆ, ನಮ್ಮ ನಿಮ್ಮಂಥ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಹೊಸ ಔಷಧದ ಪ್ರಯೋಗವಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯಿಸುತ್ತವೆ. ಗಂಭೀರ ಅನಾಹುತವಾದರೆ ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ಪ್ರಯೋಗದಿಂದ ಆದ ಹಾನಿಗೆ ಉಚಿತ ಚಿಕಿತ್ಸೆ, ಪರಿಹಾರ ಎರಡಕ್ಕೂ ಅವಕಾಶವಿದೆ.

2007ರಲ್ಲಿ ಆರಂಭವಾದ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಕ್ಲಿನಿಕಲ್ ಟ್ರಯಲ್‌ಗಳು ನೋಂದಣಿಯಾಗಬೇಕು. 2009ರಿಂದ ಇದು ಕಡ್ಡಾಯ. ಆ ದಾಖಲೆಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಭಾಗವಹಿಸುವ ಮೊದಲು ಯಾರಿಗೆ ಏನು ಕೇಳಬೇಕು?

• ವೈದ್ಯರಿಗೆ: ಇದು ಚಿಕಿತ್ಸೆಯೋ ಅಧ್ಯಯನವೋ? ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ?
• ಕೋಆರ್ಡಿನೇಟರ್‌ಗೆ: ಎಷ್ಟು ಭೇಟಿ, ಯಾವ ಹೊತ್ತು? ರಾತ್ರಿ ಪಾಳಿಯವರಿಗೆ ಬೆಳಗ್ಗೆ ಎಂಟರ ಭೇಟಿ ಆಗದು ಎಂದು ಸ್ಪಷ್ಟವಾಗಿ ಹೇಳಿ. ಓಡಾಟದ ಖರ್ಚು, ಆ ದಿನದ ಸಂಬಳಕ್ಕೆ ಪರಿಹಾರ ಉಂಟೇ?
• ಕೌನ್ಸೆಲರ್‌ಗೆ: ನಾನು ಹೇಳಿದ್ದು ಯಾರ ಕಣ್ಣಿಗೆ ಬೀಳುತ್ತದೆ? ಬಿಡಬೇಕೆನಿಸಿದರೆ ಎಲ್ಲಿಗೆ ಕಳಿಸುತ್ತೀರಿ?
• ನರ್ಸ್‌ಗೆ: ಎಷ್ಟು ರಕ್ತ? ಯಾವ ಮಾತ್ರೆ, ಇನ್‌ಹೇಲರ್ ನಿಲ್ಲಿಸಿ ಬರಬೇಕು?
• ನೈತಿಕ ಸಮಿತಿಗೆ: ದೂರು ಇದ್ದರೆ. ಅವರ ಫೋನ್ ನಂಬರ್ ಒಪ್ಪಿಗೆ ಪತ್ರದಲ್ಲೇ ಇರಬೇಕು.

ಅಧ್ಯಯನಕ್ಕೆ ಸೇರದೆಯೂ ಸಹಾಯ ಬೇಕಿದ್ದರೆ ಚಟಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡು ವಾರ ದಾಟಿದ ಕೆಮ್ಮಿಗೆ ಹತ್ತಿರದ ಪಾಲಿಕೆ ದವಾಖಾನೆಯಲ್ಲಿ ಕಫ ಪರೀಕ್ಷೆ ಉಚಿತ.

ಕೆಲಸ ಹುಡುಕುವವರಿಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅನುದಾನದ ಯೋಜನೆಗಳ ಜಾಹೀರಾತಿನಲ್ಲಿ ‘ಕೌನ್ಸೆಲರ್’ ಎಂಬ ಪದ ಸಿಗದೆ ‘ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್’, ‘ಪ್ರಾಜೆಕ್ಟ್ ನರ್ಸ್’, ‘ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್’ ಎಂಬ ಹುದ್ದೆಗಳು ಒಂದು, ಎರಡು, ಮೂರು ಎಂಬ ದರ್ಜೆಯೊಂದಿಗೆ ಬರುತ್ತವೆ. ಹೆಸರು ನೋಡಿ ಬಿಡಬೇಡಿ, ಕೆಳಗಿನ ಕೆಲಸದ ವಿವರ ಓದಿ. ಇವು ಗುತ್ತಿಗೆ ಹುದ್ದೆಗಳು, ಯೋಜನೆ ಮುಗಿದಾಗ ಕೆಲಸವೂ ಮುಗಿಯುತ್ತದೆ ಎಂಬುದು ಮೊದಲೇ ತಿಳಿದಿರಲಿ. ಸಂಶೋಧನೆಯ ಶಿಸ್ತನ್ನು ಕಲಿಸುವ ‘ಗುಡ್ ಕ್ಲಿನಿಕಲ್ ಪ್ರಾಕ್ಟೀಸ್’ ತರಬೇತಿಯ ಪ್ರಮಾಣಪತ್ರ ಇದ್ದರೆ ಸಂದರ್ಶನದಲ್ಲಿ ತೂಕ ಹೆಚ್ಚು. ಸಮಾಜಕಾರ್ಯ ಓದಬೇಕೆನ್ನುವವರಿಗೆ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಚರ್ಚ್‌ಗೇಟ್ ಬಳಿಯ ನಿರ್ಮಲಾ ನಿಕೇತನ ಇಲ್ಲೇ ಇವೆ.

ಮುಂಬೈಯಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಮನೆಯಲ್ಲಿ ತುಳುವೋ ಕನ್ನಡವೋ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ, ಇಂಗ್ಲಿಷ್. ಅರ್ಜಿಯಲ್ಲಿ ‘ಬಲ್ಲ ಭಾಷೆಗಳು’ ಎಂಬ ಜಾಗವನ್ನು ಖಾಲಿ ಬಿಡಬೇಡಿ. ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುವುದು, ಆ ಕನ್ನಡವನ್ನು ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ತಂದು ಅರ್ಥ ಕೆಟ್ಟಿಲ್ಲವೆಂದು ನೋಡುವುದು ಕೂಡ ಸಂಶೋಧನೆಯ ಕೆಲಸವೇ. ಕಲೀನಾ ಕ್ಯಾಂಪಸ್ಸಿನ ಕನ್ನಡ ವಿಭಾಗದಲ್ಲಿ ಓದಿದವರಿಗೂ ಇಲ್ಲಿ ಒಂದು ಬಾಗಿಲಿದೆ.

ನಮ್ಮ ವೇಟರ್ ಅಣ್ಣನ ‘ದಿನಾ ಒಂದು ಕ್ವಾರ್ಟರ್’ ಎಂಬ ಮಾತು ಈಗ ಕೋಷ್ಟಕದ ಒಂದು ಚೌಕದಲ್ಲಿ ‘60’ ಆಗಿ ಕೂತಿದೆ. ಪಕ್ಕದ ಚೌಕದಲ್ಲಿ ಅವರು ಊದಿದ ಅಳತೆ, ಅದರಾಚೆ ರಕ್ತದ ಅಳತೆ. ಎಲ್ಲ ಸೇರಿ ಒಂದು ದಿನ ಪ್ರಬಂಧವಾಗುತ್ತದೆ. ಅದರ ಸಾರ ತಿರುಗಿ ಅವರಿಗೆ ತಲುಪಿಸುವವರು ಯಾರು ಎಂಬ ಹುದ್ದೆ ಮಾತ್ರ ಜಾಹೀರಾತಿನಲ್ಲಿ ಕಾಣುವುದಿಲ್ಲ. ಸಹಿ ಹಾಕುವ ಮೊದಲ ದಿನವೇ ಕೋಆರ್ಡಿನೇಟರ್‌ಗೆ ಕೇಳಿಬಿಡಿ: ‘ಮುಗಿದ ಮೇಲೆ ಏನು ಗೊತ್ತಾಯಿತು ಅಂತ ನನಗೆ ಯಾರು ಹೇಳ್ತೀರಿ? ಯಾವ ಭಾಷೆಯಲ್ಲಿ?’